‘ಕೊನೆಯದು ಎಷ್ಟು ಗಂಟೆಗೆ?’ ಎಂದು ಕೇಳಿದ ಆಸ್ಪತ್ರೆ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಈ ಶ್ರಾವಣದಲ್ಲಿ ಒಂಬತ್ತು ದಿನ ಇದ್ದು ಬಂದೆ. ರೋಗಿ ನನ್ನ ತಮ್ಮ. ಬೆಟಗೇರಿಯಲ್ಲಿ ಮಗ್ಗ ನಡೆಸುತ್ತಾನೆ, ವಯಸ್ಸು 43. ದಿನಕ್ಕೆ ಎರಡು ಕ್ವಾರ್ಟರ್, ಬಟವಾಡೆಯ ದಿನ ಮೂರು, ಹೀಗೆ ಹದಿನಾಲ್ಕು ವರ್ಷ ಕುಡಿದವನು ಒಂದು ಭಾನುವಾರ ಬಿಟ್ಟ. ಬಿಟ್ಟ ಮೂರನೇ ದಿನ ಅವನನ್ನು ಹೊತ್ತುಕೊಂಡು ಆ ಆಸ್ಪತ್ರೆಗೆ ಓಡಿದೆವು.

ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತಮ್ಮನ ಊರು, ಉದ್ಯೋಗ ಬರೆದ ಮೇಲೆ ಅದನ್ನೂ ಸೇರಿಸಿದರೆ ಅವನನ್ನು ಗುರುತಿಸಲು ಬೆಟಗೇರಿಯವರಿಗೆ ಎರಡು ನಿಮಿಷ ಸಾಕು. ಅವನ ಮಗಳು ಪಿಯುಸಿ ಓದುತ್ತಿದ್ದಾಳೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಉಪಯೋಗ ಎಂದು ಕೇಳಬಹುದು. ಅಲ್ಲಿ ಏನು ಕೇಳಿದರು, ಏನು ನೋಡಿದರು, ಏನು ಕೊಟ್ಟರು ಎಂಬುದನ್ನು ಗಂಟೆ ಸಮೇತ ಬರೆದುಕೊಂಡಿದ್ದೇನೆ. ನಾನು ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುವವಳು. ಕೈಯಲ್ಲಿ ಪುಸ್ತಕವಿಲ್ಲದೆ ಕೂರಲು ಬರುವುದಿಲ್ಲ. ನೀವು ಯಾವ ಆಸ್ಪತ್ರೆಯ ಬಾಗಿಲಲ್ಲಿ ನಿಂತರೂ ಈ ಲೆಕ್ಕವನ್ನು ಪಕ್ಕಕ್ಕಿಟ್ಟು ಅಳೆದು ನೋಡಬಹುದು.

ತಮ್ಮನಿಗೆ ಬಿಡಬೇಕೆಂಬ ಮನಸ್ಸು ನಿಜವಾಗಿಯೂ ಇತ್ತು. ಶ್ರಾವಣದ ಮೊದಲ ಸೋಮವಾರ ಸಿದ್ಧಾರೂಢ ಮಠದಲ್ಲಿ ಗದ್ದುಗೆಗೆ ಹಣೆ ಹಚ್ಚಿ ಬಿಡುತ್ತೇನೆ ಎಂದು ಹೆಂಡತಿಯನ್ನು ಕರೆದುಕೊಂಡು ಭಾನುವಾರ ರಾತ್ರಿ ಗದಗದಿಂದ ರೈಲು ಹತ್ತಿ ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಬಂದ. ರೈಲು ಹತ್ತುವ ಮುಂಚೆ ಇದೇ ಕೊನೆಯದು ಎಂದು ಕುಡಿದಿದ್ದ. ಆಗ ಗಂಟೆ 7.40. ಈ ಸಮಯ ಮುಂದೆ ಎಷ್ಟು ಬೆಲೆ ಬಾಳುತ್ತದೆ ಎಂಬುದು ಆಗ ನಮ್ಮ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಚಹಾ ಕೊಟ್ಟೆ. ಕಪ್ಪು ಬಸಿಯ ಮೇಲೆ ಕಟಕಟ ಎಂದು ಬಡಿದುಕೊಳ್ಳುತ್ತಿತ್ತು. ಅವನು ಎರಡೂ ಕೈಯಿಂದ ಹಿಡಿದ, ಆಗಲೂ ನಿಲ್ಲಲಿಲ್ಲ. ಕೊನೆಗೆ ನೆಲದ ಮೇಲಿಟ್ಟು ಬಾಗಿ ಕುಡಿದ. ಮಠದಲ್ಲಿ ತೀರ್ಥಕ್ಕೆ ಒಡ್ಡಿದ ಅಂಗೈ ಎಷ್ಟು ನಡುಗುತ್ತಿತ್ತೆಂದರೆ ಬಾಯಿಗೆ ಹೋಗುವಷ್ಟರಲ್ಲಿ ತೀರ್ಥವೆಲ್ಲ ಮೊಣಕೈಗೆ ಇಳಿದಿತ್ತು. ಹಿಂದೆ ಸಾಲಿನಲ್ಲಿದ್ದ ಅಜ್ಜಿ, ‘ಉಪವಾಸ ತಾಳುವುದಿಲ್ಲ ಇವನಿಗೆ’ ಎಂದರು. ನಾವೂ ಹಾಗೆಯೇ ಅಂದುಕೊಂಡೆವು. ಹೊರಗೆ ಜಿಟಿಜಿಟಿ ಮಳೆ, ತಂಪು ಗಾಳಿ. ಅವನ ಬನಿಯನ್ ಮಾತ್ರ ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಮಧ್ಯಾಹ್ನ ಸಾಬೂದಾಣಿ ತಿಂದದ್ದೆಲ್ಲ ವಾಂತಿಯಾಯಿತು. ರಾತ್ರಿ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ. ಎದೆ ಡವಡವ ಎನ್ನುತ್ತಿದೆ ಎಂದ, ಯಾರೋ ಹಿಂದೆ ನಿಂತಂತೆ ಆಗುತ್ತಿದೆ ಎಂದ. ಇಷ್ಟೆಲ್ಲ ದಿನಾ ಕುಡಿಯುವವರು ಥಟ್ಟನೆ ಬಿಟ್ಟಾಗ ಬರುವ ಒಂದೇ ರೋಗದ ಮೊದಲ ಪಾಠ ಎಂಬುದನ್ನು ಮುಂದೆ ಆಸ್ಪತ್ರೆಯಲ್ಲಿ ಕಲಿತೆ. ನಡುಕ, ಬೆವರು, ವಾಕರಿಕೆ, ತಲೆನೋವು, ನಿದ್ರೆ ಬಾರದಿರುವುದು, ಕಾರಣವಿಲ್ಲದ ಗಾಬರಿ. ಕೊನೆಯ ಬಾರಿ ಕುಡಿದ ಆರರಿಂದ ಹನ್ನೆರಡು ಗಂಟೆಯೊಳಗೆ ಇವು ಶುರುವಾಗುತ್ತವೆ.

ಮಂಗಳವಾರ ನಸುಕಿನ 4.50ಕ್ಕೆ ಪಡಸಾಲೆಯಲ್ಲಿ ಧೊಪ್ಪನೆ ಶಬ್ದವಾಯಿತು. ಕೈಕಾಲು ಸೆಟೆದುಕೊಂಡು ಒದರುತ್ತಿದ್ದವು, ಬಾಯಲ್ಲಿ ನೊರೆ. ಓಡಿ ಬಂದ ಅಕ್ಕಪಕ್ಕದವರಲ್ಲಿ ಒಬ್ಬರು ಕಬ್ಬಿಣದ ಕೀಲಿಕೈ ಅವನ ಮುಷ್ಟಿಗೆ ತುರುಕಿದರು, ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಇನ್ನೊಬ್ಬರು ಹಲ್ಲು ಕಚ್ಚಿದ್ದಾನೆ ಎಂದು ಚಮಚ ಹುಡುಕುತ್ತಿದ್ದರು. ಎಲ್ಲರದೂ ಒಳ್ಳೆಯ ಮನಸ್ಸೇ, ಆದರೆ ಇದರಲ್ಲಿ ಒಂದೂ ಉಪಯೋಗಕ್ಕಿಲ್ಲ. ಬಾಯಿಗೆ ಚಮಚ ಹಾಕಿದರೆ ಹಲ್ಲು ಮುರಿಯುತ್ತದೆ. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನ ಬಟ್ಟೆಯಿಟ್ಟು, ಬಾಯಿಗೆ ಏನನ್ನೂ ಹಾಕದೆ, ಎಷ್ಟು ನಿಮಿಷವಾಯಿತು ಎಂದು ಗಡಿಯಾರ ನೋಡಬೇಕು. ನಿಂತ ಮೇಲೆ ತಡ ಮಾಡದೆ ಆಸ್ಪತ್ರೆ. ಐದು ನಿಮಿಷವಾದರೂ ನಿಲ್ಲದಿದ್ದರೆ ಕಾಯದೆ ಆಂಬುಲೆನ್ಸ್ ಕರೆಯಬೇಕು.

ನಾವು ಹತ್ತಿರದ ಒಂದು ದವಾಖಾನೆಗೆ ಹೋದೆವು. ನಿಶ್ಶಕ್ತಿ ಎಂದು ಗ್ಲೂಕೋಸ್ ಬಾಟಲಿ ಹಚ್ಚಿ, ಮಧ್ಯಾಹ್ನ ಮನೆಗೆ ಕಳುಹಿಸಿದರು. ಅಲ್ಲಿ ಕುಡಿತದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ನಾವೂ ಹೇಳಲಿಲ್ಲ. ತಮ್ಮನ ಹೆಂಡತಿ ‘ನಿನ್ನೆ ಉಪವಾಸವಿದ್ದರು’ ಎಂದಳು, ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಮಠದಲ್ಲಿ ಆಣೆ ಮಾಡಿ ಬಂದವನ ಹಳೆಯ ಚಟವನ್ನು ಹತ್ತು ಜನರ ಎದುರು ಏಕೆ ಎತ್ತಬೇಕು ಎಂದುಕೊಂಡೆ. ಆ ಸುಮ್ಮನಿರುವಿಕೆಗೆ ಒಂದು ಪೂರ್ತಿ ದಿನ ತೆತ್ತೆವು.

ಮಂಗಳವಾರ ರಾತ್ರಿ ಗೋಡೆಯ ಮೇಲೆ ಇರುವೆ ಎಂದ. ಬುಧವಾರ ನಸುಕಿನ ಮೂರು ಗಂಟೆಗೆ ಎದ್ದು ಕುಳಿತು ಗಾಳಿಯಲ್ಲಿ ಏನನ್ನೋ ಹಿಡಿಯತೊಡಗಿದ. ನೋಡುತ್ತ ನೋಡುತ್ತ ನನಗೆ ತಿಳಿಯಿತು. ಮಗ್ಗದ ಹಾಸಿನಲ್ಲಿ ಹರಿದ ಎಳೆಯನ್ನು ಹುಡುಕುತ್ತಿದ್ದ. ಎಡಗೈಯಿಂದ ಒಂದು ತುದಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳನ್ನು ನಾಲಿಗೆಗೆ ತಾಕಿಸಿ ತೇವ ಮಾಡಿಕೊಂಡು, ಹೊಸೆದು, ಗಂಟು ಹಾಕಿ, ಮುಂದಿನ ಎಳೆಗೆ ಹೋಗುತ್ತಿದ್ದ. ಆಮೇಲೆ ಬಲಗೈ ಜಗ್ಗಿ ಲಾಳಿ ಎಸೆದ. ಅಪ್ಪ ಕಲಿಸಿದ ಕೆಲಸ, ಒಂದು ಚೂರೂ ತಪ್ಪಿರಲಿಲ್ಲ. ಮಗ್ಗ ಮಾತ್ರ ಅರವತ್ತು ಕಿಲೋಮೀಟರ್ ಆಚೆ ಬೆಟಗೇರಿಯಲ್ಲಿತ್ತು. ‘ತಮ್ಮಾ, ನಾನು ಯಾರು?’ ಎಂದೆ. ನನ್ನನ್ನು ನೋಡಿ, ‘ಕಂಡಿಕೆ ಮುಗಿದವು, ಸುತ್ತಿಕೊಡವ್ವಾ’ ಎಂದ. ನಮ್ಮ ಅವ್ವ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಹಣೆ ಮುಟ್ಟಿದರೆ ಕೆಂಡ.

ಪಕ್ಕದ ಮನೆಯ ಹಿರಿಯರು, ‘ಒಂದು ತೊಂಬತ್ತು ಹಾಕಿರಿ, ಸರಿಹೋಗುತ್ತಾನೆ’ ಎಂದರು. ಟೆಟ್ರಾ ಪ್ಯಾಕನ್ನೂ ಹಿಡಿದೇ ಬಂದಿದ್ದರು. ಅಂಗಡಿಯ ಕ್ಯಾಲೆಂಡರಿನ ಮೇಲೆ ನಾನೇ ಎಂದೋ ಬರೆದಿಟ್ಟಿದ್ದ 14416 ನೆನಪಾಯಿತು. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಅದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. 3.20ಕ್ಕೆ ಮಾಡಿದೆ. ಹೆಣ್ಣುಮಗಳೊಬ್ಬಳ ದನಿ. ನಾನು ಅಳುತ್ತ ಏನೇನೋ ಹೇಳಿದೆ. ಅವಳು ನಿಧಾನವಾಗಿ ಕೇಳಿದಳು: ದಿನಾ ಕುಡಿಯುವವರೇ, ಯಾವಾಗ ನಿಲ್ಲಿಸಿದರು, ಬಿದ್ದರೇ, ಜ್ವರ ಇದೆಯೇ. ನಾಲ್ಕು ಉತ್ತರ ಕೇಳಿದ ಮೇಲೆ, ‘ಇದು ಮನೆಯಲ್ಲಿ ನೋಡಿಕೊಳ್ಳುವ ಸ್ಥಿತಿಯಲ್ಲ ಅಕ್ಕಾ, ಈಗಲೇ ಆಸ್ಪತ್ರೆಗೆ ಒಯ್ಯಿರಿ, ಬಾಯಿಗೆ ಏನೂ ಹಾಕಬೇಡಿ, 108 ಕರೆಯಿರಿ’ ಎಂದಳು. ಎದುರು ಮನೆಯವರ ಓಮ್ನಿ ಬಾಗಿಲಲ್ಲೇ ಇತ್ತು. ಅದರಲ್ಲೇ ಹೊರಟೆವು. 4.15ಕ್ಕೆ ಆಸ್ಪತ್ರೆ.

ಇನ್ನು ಆ ಆಸ್ಪತ್ರೆಯ ವಿಷಯ.

ತುರ್ತು ವಿಭಾಗದಲ್ಲಿದ್ದವರು ಎಳೆಯ ಪ್ರಾಯದ ಡಾಕ್ಟರು, ಮೂವತ್ತು ದಾಟಿರಲಿಕ್ಕಿಲ್ಲ. ಅವನ ಕಣ್ಣಿಗೆ ಬೆಳಕು ಬಿಟ್ಟು, ನಾಡಿ ಹಿಡಿದು, ನಮ್ಮ ಕಡೆ ತಿರುಗಿ ಕೇಳಿದ ಮೊದಲ ಮಾತು, ‘ಕೊನೆಯದು ಎಷ್ಟು ಗಂಟೆಗೆ?’ ಏನಾಯಿತು, ಎಷ್ಟು ಕುಡಿಯುತ್ತಾನೆ, ಹಣ ಕಟ್ಟಿದಿರಾ, ಇವೆಲ್ಲ ಆಮೇಲೆ ಬಂದವು. ‘ಭಾನುವಾರ ಏಳೂ ನಲವತ್ತು’ ಎಂದಳು ತಮ್ಮನ ಹೆಂಡತಿ. ಡಾಕ್ಟರು ಬೆರಳು ಮಡಚಿ, ‘ಐವತ್ತಾರು ಗಂಟೆ’ ಎಂದು ಸಿಸ್ಟರಿಗೆ ಹೇಳಿದರು. ಅಷ್ಟರಲ್ಲೇ ಅವರಿಗೆ ಇದು ಯಾವ ಹಂತ ಎಂದು ತಿಳಿದಿತ್ತು. ಈ ರೋಗ ಗಡಿಯಾರ ನೋಡಿಕೊಂಡು ನಡೆಯುತ್ತದೆ ಎಂದು ಆಮೇಲೆ ನನಗೆ ಬಿಡಿಸಿ ಹೇಳಿದರು. ಮೊದಲ ಅರ್ಧ ದಿನದಲ್ಲಿ ನಡುಕ. ಆರರಿಂದ ನಲವತ್ತೆಂಟು ಗಂಟೆಯೊಳಗೆ ಫಿಟ್ಸ್. ಎರಡು ದಿನ ಕಳೆದ ಮೇಲೆ, ನಾಲ್ಕನೇ ದಿನದವರೆಗೆ, ಎಲ್ಲಕ್ಕಿಂತ ಅಪಾಯದ್ದು: ದಿಕ್ಕು ತಪ್ಪಿದ ಮನಸ್ಸು, ಇಲ್ಲದ್ದು ಕಾಣುವುದು, ಜ್ವರ, ಏರಿದ ರಕ್ತದೊತ್ತಡ. ಡೆಲಿರಿಯಂ ಟ್ರೆಮೆನ್ಸ್ ಎಂದು ಅದರ ಹೆಸರು. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಆ ಸ್ಥಿತಿಯಲ್ಲಿ ಮನುಷ್ಯ ತನ್ನ ಕಸುಬಿನ ಕೆಲಸವನ್ನೇ ಗಾಳಿಯಲ್ಲಿ ಮಾಡುವುದನ್ನು ಡಾಕ್ಟರುಗಳು ಬಹಳ ಹಿಂದಿನಿಂದ ನೋಡುತ್ತ ಬಂದಿದ್ದಾರಂತೆ.

ಎರಡನೇ ಪ್ರಶ್ನೆ: ‘ಹಿಂದೆ ಎಂದಾದರೂ ಬಿಟ್ಟಿದ್ದರೇ? ಆಗ ಏನಾಗಿತ್ತು?’ ತಮ್ಮನ ಹೆಂಡತಿ ನನ್ನ ಮುಖ ನೋಡಿದಳು, ನೆಲ ನೋಡಿದಳು. ಎರಡು ವರ್ಷದ ಹಿಂದೆ ಬೇರೊಂದು ಜಿಲ್ಲೆಯ ಒಂದು ಕೇಂದ್ರದಲ್ಲಿ ಮೂರು ತಿಂಗಳು ಇಟ್ಟಿದ್ದಳಂತೆ. ನನಗೆ ‘ಸೂರತ್‌ಗೆ ಕೆಲಸಕ್ಕೆ ಹೋಗಿದ್ದಾರೆ’ ಎಂದು ಹೇಳಿದ್ದಳು. ಅಲ್ಲಿ ಡಾಕ್ಟರು ಇರಲಿಲ್ಲ. ಒಳಗೆ ಹಾಕಿ ಬೀಗ ಹಾಕಿದ ಎರಡನೇ ರಾತ್ರಿ ಸಿಮೆಂಟಿನ ನೆಲದ ಮೇಲೆ ಬಿದ್ದು ಹಣೆ ಒಡೆದುಕೊಂಡಿದ್ದನಂತೆ. ಆ ಹಣೆಯ ಗೆರೆಯನ್ನು ನಾನು ಎರಡು ವರ್ಷದಿಂದ ನೋಡುತ್ತಿದ್ದೇನೆ, ಸೂರತ್ತಿನಲ್ಲಿ ಬಿದ್ದದ್ದು ಎಂದೇ ನಂಬಿದ್ದೆ. ಡಾಕ್ಟರು ಅವಳನ್ನು ಬಯ್ಯಲಿಲ್ಲ. ‘ಹೇಳಿದ್ದು ಒಳ್ಳೆಯದಾಯಿತು ತಾಯಿ’ ಎಂದು ಬರೆದುಕೊಂಡರು. ಒಮ್ಮೆ ಹೀಗೆ ಬಿದ್ದವರು ಮುಂದಿನ ಸಲ ಬಿಟ್ಟಾಗ ಇನ್ನೂ ಜೋರಾಗಿ ಬೀಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಈ ಪ್ರಶ್ನೆಗೆ ಸುಳ್ಳು ಹೇಳಬಾರದು.

ಮೂರನೆಯದು: ‘ಗೊತ್ತಿದ್ದೋ ಗೊತ್ತಿಲ್ಲದೆಯೋ ಬೇರೆ ಏನಾದರೂ ಕೊಟ್ಟಿದ್ದೀರಾ?’ ಇಲ್ಲೂ ಅವಳ ಕಣ್ಣು ತುಂಬಿತು. ಸಾರಿನಲ್ಲಿ ಕಲಸಿ ಕೊಡುವ ಕುಡಿತ ಬಿಡಿಸುವ ಪುಡಿಯನ್ನು ಫೋನಿನಲ್ಲಿ ಜಾಹೀರಾತು ನೋಡಿ 1,800 ರೂಪಾಯಿ ಕೊಟ್ಟು ತರಿಸಿದ್ದಳು. ಅದೃಷ್ಟಕ್ಕೆ ಬಳಸಿ ಆರು ತಿಂಗಳಾಗಿತ್ತು. ಡೈಸಲ್ಫಿರಾಂ ಎಂಬ ನಿಜವಾದ ಔಷಧವೊಂದಿದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ಒಪ್ಪಿ, ಡಾಕ್ಟರು ನೋಡಿಕೊಂಡು ಕೊಡುವ ಔಷಧ ಅದು. ಕದ್ದು ಕೊಟ್ಟರೆ ಕೊಲೆಯಾಗಬಹುದು. ಪುಡಿಯೊಳಗೆ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ.

ಔಷಧ ಕೊಟ್ಟ ರೀತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಗ್ಲೂಕೋಸ್ ಹಚ್ಚುವ ಮೊದಲೇ ಥಯಾಮಿನ್ ಇಂಜೆಕ್ಷನ್ ಹೋಯಿತು. ಥಯಾಮಿನ್ ಎಂದರೆ ಬಿ1 ಜೀವಸತ್ವ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದನ್ನು ತುಂಬದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಸರಿಯಾಗಿ ಹೊರಳುವುದಿಲ್ಲ, ನಡಿಗೆ ತಪ್ಪುತ್ತದೆ, ಗೊಂದಲ ಹೆಚ್ಚುತ್ತದೆ, ನೆನಪಿನ ಶಕ್ತಿ ಮರಳದೆಯೂ ಹೋಗಬಹುದು. ಹಿಂದಿನ ದಿನ ನಾವು ಬರೀ ಬಾಟಲಿ ಹಚ್ಚಿಸಿಕೊಂಡು ಬಂದಿದ್ದೆವು. ಇದನ್ನು ಕೇಳಿ ನನ್ನ ಕೈಯೇ ನಡುಗಿತು. ನಡುಕ, ಫಿಟ್ಸ್ ತಡೆಯಲು ಲೊರಾಜೆಪಾಮ್ ಕೊಟ್ಟರು. ಡಯಾಜೆಪಾಮ್ ಅಥವಾ ಕ್ಲೋರ್ಡಯಾಜೆಪಾಕ್ಸೈಡ್ ಹೆಚ್ಚಾಗಿ ಬಳಸುತ್ತಾರಂತೆ; ತಮ್ಮನ ಯಕೃತ್ತು ದಣಿದಿದ್ದರಿಂದ ಇದನ್ನು ಆರಿಸಿದೆವು ಎಂದು ಕಾರಣವನ್ನೂ ಹೇಳಿದರು. ದಿನದಿಂದ ದಿನಕ್ಕೆ ಇಳಿಸುತ್ತ ನಿಲ್ಲಿಸಿದರು. ಈ ಮಾತ್ರೆಗಳ ಹೆಸರು ಕೇಳಿ ಅಂಗಡಿಯಿಂದ ತಂದು ಮನೆಯಲ್ಲಿ ಕೊಡಬೇಡಿ. ಇವು ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಬಿಟ್ಟರೆ ಹೀಗೇಕಾಗುತ್ತದೆ ಎಂದು ಕೇಳಿದೆ. ಡಾಕ್ಟರು ವಾರ್ಡಿನ ಬಾಗಿಲನ್ನೇ ತೋರಿಸಿದರು. ‘ಹೊರಗಿನಿಂದ ಒಬ್ಬ ಹದಿನಾಲ್ಕು ವರ್ಷ ಈ ಬಾಗಿಲನ್ನು ತಳ್ಳುತ್ತಲೇ ಇದ್ದಾನೆ, ಒಳಗಿನಿಂದ ನೀವೂ ಅಷ್ಟೇ ಜೋರಾಗಿ ಎದುರು ತಳ್ಳುತ್ತಿದ್ದೀರಿ ಎಂದುಕೊಳ್ಳಿ. ಹೊರಗಿನವನು ಥಟ್ಟನೆ ಪಕ್ಕಕ್ಕೆ ಸರಿದರೆ?’ ಮುಗ್ಗರಿಸುತ್ತೇನೆ ಎಂದೆ. ‘ಅದೇ ಆದದ್ದು’ ಎಂದರು. ಮದ್ಯ ಮೆದುಳನ್ನು ಮಂದ ಮಾಡುತ್ತದೆ. ಮೆದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡಿರುತ್ತದೆ. ಮದ್ಯ ಹೋದರೂ ಆ ವೇಗ ಒಂದೇ ದಿನದಲ್ಲಿ ಇಳಿಯುವುದಿಲ್ಲ.

ಮಾತಿಗೆ ಸಿಗುವಂತಾದ ಮೇಲೆ, ಗುರುವಾರ ಸಂಜೆಯಿಂದ, ಸಿಸ್ಟರ್ ಒಂದು ಅಂಕಪಟ್ಟಿ ಹಿಡಿದು ಬರತೊಡಗಿದರು. ಸೀವಾ ಎನ್ನುತ್ತಾರೆ. ಹತ್ತು ಪ್ರಶ್ನೆ, ಒಟ್ಟು 67 ಅಂಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. ವಾಕರಿಕೆ ಇದೆಯೇ, ತಲೆ ಭಾರವೇ, ಚರ್ಮದ ಮೇಲೆ ಏನಾದರೂ ಹರಿದಂತಿದೆಯೇ, ಬೆಳಕು ಕಣ್ಣಿಗೆ ಚುಚ್ಚುತ್ತಿದೆಯೇ, ಸದ್ದು ಕರ್ಕಶವಾಗಿ ಕೇಳುತ್ತಿದೆಯೇ, ಇಂದು ಯಾವ ದಿನ. ಅಂಗೈ, ಹಣೆ ಮುಟ್ಟಿ ಬೆವರು ನೋಡುತ್ತಿದ್ದರು. ಆಮೇಲೆ ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಡುತ್ತಿದ್ದರು. ಗುರುವಾರ ಆ ಹಾಳೆ ಫ್ಯಾನಿನ ಗಾಳಿಗೆ ಸಿಕ್ಕಂತೆ ಪಟಪಟ ಎಂದಿತು, ಫ್ಯಾನ್ ನಿಂತಿದ್ದರೂ. ಅಂಕ 21. ಶನಿವಾರ 11, ಹಾಳೆಯ ಅಂಚು ಮಾತ್ರ ಅಲುಗುತ್ತಿತ್ತು. ಸೋಮವಾರ 4. ಹಾಳೆ ಮಲಗಿದಂತೆ ಇತ್ತು. ತಮ್ಮ ಅದನ್ನೇ ನೋಡುತ್ತ ಸಿಸ್ಟರ್ ‘ಸಾಕು’ ಎಂದರೂ ಕೈ ಇಳಿಸಲಿಲ್ಲ. ಅಂಕಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಏರಿಸಿ ಇಳಿಸುತ್ತಿದ್ದರು. ರಾತ್ರಿ ಎರಡು ಗಂಟೆಗೂ ಬಂದು ನೋಡಿದ್ದಾರೆ, ನನ್ನ ಪುಸ್ತಕದಲ್ಲಿದೆ.

ಮಂಚದ ಎದುರಿಗೆ ದೊಡ್ಡ ಗಡಿಯಾರ, ಅದರ ಪಕ್ಕ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ರಾತ್ರಿ ಪೂರ್ತಿ ಕತ್ತಲು ಮಾಡದೆ ಸಣ್ಣ ದೀಪ. ಒಬ್ಬರೇ ಮನೆಯವರು ಸದಾ ಹತ್ತಿರ ಇರಿ, ಬಂದುಹೋಗುವ ಮಂದಿ ಬೇಡ ಎಂದರು. ಮೊದಲು ನನಗೆ ಇದೆಲ್ಲ ಅಲಂಕಾರವೆನಿಸಿತ್ತು. ಶುಕ್ರವಾರ ಬೆಳಿಗ್ಗೆ ಅವನು ಆ ಕ್ಯಾಲೆಂಡರ್ ನೋಡಿ, ‘ಅಕ್ಕಾ, ಸೋಮವಾರ ಅಲ್ಲವೇ ಇವತ್ತು? ಮಠಕ್ಕೆ ಹೋಗಲಿಲ್ಲವೇ?’ ಎಂದಾಗ, ಕಳೆದುಹೋದ ದಿನಗಳನ್ನು ಅವನು ಅಲ್ಲಿಂದಲೇ ಹೆಕ್ಕಿಕೊಳ್ಳುತ್ತಿದ್ದಾನೆ ಎಂದು ತಿಳಿಯಿತು.

ಕೊರತೆಗಳೂ ಇವೆ, ಅವುಗಳಲ್ಲಿ ಎರಡು ನನ್ನನ್ನು ನೋಯಿಸಿವೆ. ಬುಧವಾರ ಬೆಳಿಗ್ಗೆ ನಾನು ಔಷಧ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಅವನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಸಲೈನ್ ಸೂಜಿ ಕಿತ್ತುಕೊಳ್ಳುತ್ತಿದ್ದನಂತೆ, ಕೆಳಗೆ ಬೀಳುವಂತಿದ್ದನಂತೆ. ಡಾಕ್ಟರು ಬರೆದು ಸಹಿ ಮಾಡಿದ್ದರು, ಎರಡು ಗಂಟೆಯ ಬಳಿಕ ಬಿಚ್ಚಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ಹೀಗೆ ಕಟ್ಟುವುದಕ್ಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅವಕಾಶ, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಕಾನೂನಿನ ಲೆಕ್ಕದಲ್ಲಿ ಅವರದು ತಪ್ಪಿಲ್ಲ. ಆದರೆ ಬಾಗಿಲು ತೆರೆದು ಆ ಕೈಗಳನ್ನು ನೋಡಿದ್ದು ನಾನು. ಕೆಳಗೆ ಔಷಧ ಅಂಗಡಿಯ ಸಾಲಿನಲ್ಲಿದ್ದವಳಿಗೆ ಒಂದು ಫೋನ್ ಮಾಡಬಹುದಿತ್ತು.

ಎರಡನೆಯದು, ಕೆಳಗಿನ ಕಾವಲುಗಾರ. ಡಬ್ಬಿ ಹಿಡಿದು ಬಂದ ತಮ್ಮನ ಮಗಳಿಗೆ ದಾರಿ ಹೇಳುವಾಗ, ‘ಕುಡುಕರ ವಾರ್ಡಾ? ಎರಡನೇ ಮಹಡಿ’ ಎಂದ. ಹುಡುಗಿ ಮೆಟ್ಟಿಲಲ್ಲೇ ನಿಂತುಬಿಟ್ಟಳು. ನಾನು ವ್ಯವಸ್ಥಾಪಕರಿಗೆ ಬರೆದುಕೊಟ್ಟೆ, ತಿಳಿಹೇಳುತ್ತೇವೆ ಎಂದರು. ಬಿಡುಗಡೆಯ ದಿನ ಬೇರೆ ಯಾರಿಗೋ ಅದೇ ಮಾತು ಹೇಳುವುದು ಕೇಳಿಸಿತು. ನಾವು ಮಂಗಳವಾರ ದವಾಖಾನೆಯಲ್ಲಿ ಬಾಯಿ ಬಿಡದಿದ್ದದ್ದು ಈ ಪದಕ್ಕೆ ಹೆದರಿಯೇ. ಮೇಲಿನ ಮಹಡಿಯಲ್ಲಿ ಅಷ್ಟು ಚಂದ ಕೆಲಸ ಮಾಡುವ ಆಸ್ಪತ್ರೆ ಕೆಳಗಿನ ಬಾಗಿಲಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸುತ್ತಿದೆ.

ಉಳಿದವು ಸಣ್ಣವು. ಸಮಾಲೋಚಕಿ ತಮ್ಮನ ಹೆಂಡತಿಯ ಜೊತೆ ಮಾತನಾಡಿದ್ದು ಹಜಾರದ ಬೆಂಚಿನಲ್ಲಿ, ನಾಲ್ಕು ಜನರಿಗೆ ಕೇಳುವಂತೆ. ಜೊತೆಗಿರುವವರಿಗೆ ಮಲಗಲು ಒಂದು ಮೊಳ ಅಗಲದ ಹಲಗೆ. ಬಿಲ್ಲು 46,380 ರೂಪಾಯಿ. ‘ಇತರೆ’ ಎಂದು ಬರೆದ 3,200ಕ್ಕೆ ನಾನು ಎರಡು ಸಲ ಕೇಳಿದ ಮೇಲೆ ವಿವರ ಕೊಟ್ಟರು. ಇಷ್ಟು ಹಣ ಎಲ್ಲರಿಂದ ಆಗುವುದಿಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ. ಗದಗ, ಹಾವೇರಿಯವರಿಗೆ ಅಲ್ಲಲ್ಲೇ ಜಿಲ್ಲಾ ಆಸ್ಪತ್ರೆಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ರಾತ್ರಿ ಫಿಟ್ಸ್ ಬಂದರೆ ಹೆಸರಾಂತ ಆಸ್ಪತ್ರೆಯನ್ನು ಹುಡುಕುತ್ತ ಹೊತ್ತು ಕಳೆಯಬೇಡಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ ಮೊದಲ ವಾಕ್ಯದಲ್ಲೇ ಕುಡಿತದ ಮಾತು ಹೇಳಿ.

ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದ ಸೀಮೆ ನಮ್ಮದು. ಅವರ ಹುಟ್ಟಿದ ದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಶ್ರಾವಣ ಬಂದರೆ ನಮ್ಮ ಕಡೆ ಎಷ್ಟೋ ಗಂಡಸರು ಗ್ಲಾಸು ಬೋರಲು ಹಾಕುತ್ತಾರೆ. ಆ ಸಂಕಲ್ಪದ ಮೇಲೆ ನನಗೆ ಗೌರವವಿದೆ, ತಮ್ಮನನ್ನು ಉಳಿಸಿದ್ದರಲ್ಲಿ ಅದರ ಪಾಲೂ ಇದೆ. ಆದರೆ ದಿನವೂ ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಬಿದ್ದವರು, ಗದ್ದುಗೆಗೆ ಹೋಗುವ ಮೊದಲು ಒಂದು ಸಲ ಡಾಕ್ಟರ ಹತ್ತಿರ ಹೋಗಬೇಕು. ಬಿಡುವ ದಿನವನ್ನು ಅವರ ಜೊತೆ ಕೂಡಿ ಗೊತ್ತು ಮಾಡಿಕೊಂಡರೆ ಅದು ಆಣೆಗೆ ಭಂಗವಲ್ಲ.

ಬಿಡುಗಡೆಯಾಗುವಾಗ ಅಕಾಂಪ್ರೊಸೇಟ್ ಬರೆದುಕೊಟ್ಟರು, 333 ಮಿಲಿಗ್ರಾಂನ ಮಾತ್ರೆ ಎರಡೆರಡರಂತೆ ದಿನಕ್ಕೆ ಮೂರು ಹೊತ್ತು. ಕುಡಿಯಬೇಕೆಂಬ ಸೆಳೆತವನ್ನು ತಗ್ಗಿಸಲು ಅದು. ಥಯಾಮಿನ್ ಮಾತ್ರೆಯೂ ಮುಂದುವರಿದಿದೆ. ವಾರ್ಡಿನ ಫೋನ್ ಸಂಖ್ಯೆಯನ್ನು ತಮ್ಮನ ಕೈಯಿಂದಲೇ ಅವನ ಮೊಬೈಲಿನಲ್ಲಿ ಹಾಕಿಸಿದರು. ಮೂವತ್ತೆಂಟನೇ ದಿನ ಮುಳಗುಂದದಲ್ಲಿ ಒಂದು ಮದುವೆಗೆ ಹೋದವನು ಕುಡಿದ. ಅದನ್ನು ನನ್ನಿಂದ ಮುಚ್ಚಿಟ್ಟ, ಹೆಂಡತಿಯಿಂದಲೂ. ಆದರೆ ರಾತ್ರಿ ಹತ್ತೂವರೆಗೆ ಮದುವೆ ಮನೆಯ ಹಿತ್ತಲಿನಲ್ಲಿ ನಿಂತು ವಾರ್ಡಿಗೆ ಫೋನ್ ಮಾಡಿದ್ದಾನೆ. ಎರಡನೇ ರಿಂಗಿಗೆ ಎತ್ತಿದರಂತೆ. ಅದೇ ಹಾಳೆಯ ಸಿಸ್ಟರ್. ‘ಕೊನೆಯದು ಎಷ್ಟು ಗಂಟೆಗೆ?’ ಎಂದೇ ಕೇಳಿದರು, ಬೆಳಿಗ್ಗೆ ಮೊದಲ ಬಸ್ಸಿಗೆ ಬರಲು ಹೇಳಿದರು. ಬಂದ. ಆ ಸಲ ಒಂದು ರಾತ್ರಿ ಇಟ್ಟುಕೊಂಡು ಕಳುಹಿಸಿದರು, ನಡುಕ ಬರಲಿಲ್ಲ.

ಹೋಗುವವರಿಗೆ: ರೋಗಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಕೊನೆಯ ಬಾರಿ ಕುಡಿದ ಗಂಟೆ, ಹಿಂದೆ ಬಿದ್ದಿದ್ದರೆ ಅದರ ವಿವರ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕೌದಿ ಒಯ್ಯಿರಿ, ಆ ಹಲಗೆ ರಾತ್ರಿ ತಣ್ಣಗಿರುತ್ತದೆ. ತಮ್ಮನ ಮುಂದಿನ ಭೇಟಿ ಈ ಶುಕ್ರವಾರ ಹನ್ನೊಂದು ಗಂಟೆಗೆ. ಒಬ್ಬನೇ ಬರುತ್ತೇನೆ, ನೀನು ಅಂಗಡಿ ಬಿಡಬೇಡ ಎಂದಿದ್ದಾನೆ. ರೈಲು 9.50ಕ್ಕೆ ಬರುತ್ತದೆ, ನಿಲ್ದಾಣಕ್ಕೆ ಹೋಗಿ ಚಹಾ ಕುಡಿಸಿ, ಆಮೇಲೆ ಅಂಗಡಿಗೆ ಹೋಗುತ್ತೇನೆ.